ಬೆಟ್ಟಕ್ಕೆ ತಕ್ಕ ಮೆಟ್ಟು

ಮನೆಗೆ ಕೊಂಡು ತರುವ ವಸ್ತುಗಳಲ್ಲಿ ಪಾದರಕ್ಷೆಯಷ್ಟು ಅವಿಚಾರದಿಂದ ಕೊಳ್ಳಲ್ಪಡುವ ವಸ್ತು ಬೇರೊಂದಿಲ್ಲವೆಂದು ನಮ್ಮ ಅಭಿಪ್ರಾಯ. ಸೀರೆಯನ್ನು ಕೊಳ್ಳಬೇಕಾದರೆ ಮನೆಮಂದಿಯೆಲ್ಲ ಕೂಡಿ ಅಂಚು ಸೆರಗುಗಳನ್ನು ಪರೀಕ್ಷಿಸುವರು. ಎತ್ತನ್ನು ಕೊಳ್ಳಬೇಕಾದರೆ ಹಲ್ಲು ಸುಳಿಗಳನ್ನು ನೋಡುವರು. ಮಡಕೆಯನ್ನು ಸಹ ಬೆರಳಿನಿಂದ ತಟ್ಟಿ ಸದ್ದನ್ನು ಕೇಳಿದ ಮೇಲೆಯೇ ಒಳಕ್ಕೆ ತರುವರು. ಕಾಲಿನ ಜೋಡನ್ನಾದರೋ, ಬಣ್ಣ ಚೆನ್ನಾಗಿದೆ, ಬೆಲೆ ಸಾಧುವಾಗಿದೆ ಎಂದು ಹೇಳಿ ಎರಡು ನಿಮಿಷದಲ್ಲಿ ಕಟ್ಟಿಸಿಕೊಂಡು ಬರುವುದು ವಾಡಿಕೆ. ಸಮನೆಲದ ಊರಿನಲ್ಲಿ ಈ ಅವಿಚಾರಕ್ಕೆ ತೆರಬೇಕಾದ ದಂಡವು ಅಲ್ಪವೇ ಸರಿ. ಒಂದು ಬೊಬ್ಬೆ, ಎರಡು ದಿನದ ಕುಂಟು. ಬೆಟ್ಟದಲ್ಲಿ ಹಾಗಲ್ಲ. ಅಲ್ಲಿ ಹಿಮ್ಮಡಿಯ ಒಂದು ಬೊಬ್ಬೆಯು ಮನುಷ್ಯನನ್ನು ಊರಿನಿಂದ ಆರು ಮೈಲಿ ದೂರದಲ್ಲಿ, ಹೊತ್ತು ಮುಳುಗುವ ಸಮಯದಲ್ಲಿ, ಕುಳ್ಳಿರಿಸಿಬಿಡಬಲ್ಲುದು. ಜಾರುವ ಅಟ್ಟೆಯು ಸೊಂಟವನ್ನೇ ಮುರಿಯಬಲ್ಲುದು.

ಬೆಟ್ಟದ ಬೂಟಿನ ವಿಷಯವನ್ನು ಒಂದು ಶಾಸ್ತ್ರವೆಂಬಂತೆ ವಿಚಾರ ಮಾಡುತ್ತಿದ್ದವರು ಹಿಂದಿನ ಶಿಕಾರಿಗಳು. ನಮ್ಮ ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಗೆ ಶಿಕಾರಿಯ ಮಾತು ಹೊಸತಲ್ಲ. ೧೯೪೭ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಾಗಿದ್ದ ಈ ಪ್ರಾಂತದಲ್ಲಿಯೇ ಹುಲಿಯನ್ನು ಹೊಯ್ದ ಸಳನ ಐತಿಹ್ಯದ ಸೊಸೆವೂರು ಇದೆ. ಕೆನೆತ್ ಆಂಡರ್ಸನ್ನರು ೧೯೫೪ರಲ್ಲಿ ಪ್ರಕಟಿಸಿದ ತಮ್ಮ ಮೊದಲನೆಯ ಬೇಟೆಯ ಪುಸ್ತಕದಲ್ಲಿ ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ನರಭಕ್ಷಕನಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಅಜ್ಜಂಪುರದ ನೆರೆಯ ಹೊಸದುರ್ಗ ಹೊಳಲ್ಕೆರೆಗಳ ಹುಲಿಗೆ ಮತ್ತೊಂದು ಅಧ್ಯಾಯ. ಆಂಡರ್ಸನ್ನರ ಬೇಟೆಯ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಮೇಲಂತೂ ನಮ್ಮ ವಿದ್ಯಾರ್ಥಿಗಳಲ್ಲಿ ಅವನ್ನು ಓದದವರು ವಿರಳರಾದರು.

ಆದರೆ ಆ ಕಾಲವು ಮುಗಿಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವು ಬೇಟೆಯನ್ನು ಬಿಗಿಹಿಡಿಯಿತು. ೧೯೯೧ರ ತಿದ್ದುಪಡಿಯು ಉಳಿದಿದ್ದ ಕಿಟಕಿಯನ್ನೂ ಮುಚ್ಚಿತು. ೧೯೫೧ರಲ್ಲಿ ಜಾಗರ ಕಣಿವೆಯ ಅಭಯಾರಣ್ಯವಾಗಿ ಮೊದಲಾದುದು ೧೯೭೪ರಲ್ಲಿ ಭದ್ರಾ ಅಭಯಾರಣ್ಯವಾಗಿ, ೧೯೯೮ರಲ್ಲಿ ಹುಲಿ ಯೋಜನೆಗೆ ಸೇರಿತು. ಮುಗಿದುದು ಒಳ್ಳೆಯದೇ ಆಯಿತು. ಶಿಕಾರಿಯ ಕೋವಿಯು ಮೂಲೆಯನ್ನು ಸೇರಿತಾದರೂ ಅವನ ಬೂಟಿನ ವಿವೇಕವು ಮೂಲೆಯನ್ನು ಸೇರತಕ್ಕದ್ದಲ್ಲ. ಅವನು ನಡೆದ ಹಾದಿಗಳಲ್ಲಿಯೇ ಈಗ ಅರಣ್ಯದ ಗಸ್ತಿನವರು ನಡೆಯುತ್ತಾರೆ. ಕಾಫಿ ತೋಟದ ಆಳುಗಳು ನಡೆಯುತ್ತಾರೆ. ರಜಾ ದಿನಗಳಲ್ಲಿ ಪಟ್ಟಣದ ತರುಣ ತರುಣಿಯರು ಗುಂಪುಗುಂಪಾಗಿ ಏರುತ್ತಾರೆ. ನಮ್ಮ ತಂಗಿಯ ಮಗನು ಎರಡು ವರ್ಷಗಳ ಹಿಂದೆ ಗಸ್ತು ಅರಣ್ಯ ಪಾಲಕನಾಗಿ ಕೆಲಸಕ್ಕೆ ಸೇರಿದ ದಿನದಿಂದ ಈ ವಿಚಾರವು ನಮಗೆ ಪುಸ್ತಕದ ವಿಚಾರವಾಗಿ ಉಳಿಯಲಿಲ್ಲ.

ಮೂವತ್ತನಾಲ್ಕು ವರ್ಷ ಸಂಸ್ಕೃತ ಪಾಠವನ್ನು ಹೇಳಿದ ನಮಗೆ ಯಾವ ವಿಷಯ ಬಂದರೂ ಮೊದಲು ಹಳೆಯ ಗ್ರಂಥಗಳ ಕಡೆಗೆ ಕಣ್ಣು ಹೋಗುವುದು ಸ್ವಭಾವ. ಪಾದರಕ್ಷೆಯ ಉತ್ಪತ್ತಿಯನ್ನು ಕುರಿತು ಮಹಾಭಾರತದ ಅನುಶಾಸನ ಪರ್ವದಲ್ಲಿ ಒಂದು ಕಥೆಯುಂಟು. ಜಮದಗ್ನಿ ಮಹರ್ಷಿಯು ಬಿಲ್ಲಿನಿಂದ ಬಾಣಗಳನ್ನು ಬಿಡುತ್ತಿದ್ದನಂತೆ. ರೇಣುಕಾದೇವಿಯು ಓಡಿ ಓಡಿ ಅವುಗಳನ್ನು ಆಯ್ದು ತರುತ್ತಿದ್ದಳಂತೆ. ಜ್ಯೇಷ್ಠದ ಬಿಸಿಲು. ಅವಳ ತಲೆಯೂ ಅಂಗಾಲೂ ಸುಟ್ಟು, ಬರುವುದು ತಡವಾಯಿತು. ಋಷಿಯು ಸೂರ್ಯನ ಮೇಲೆಯೇ ಬಾಣವನ್ನು ಹೂಡಿದನು. ಸೂರ್ಯನು ಬ್ರಾಹ್ಮಣ ವೇಷದಿಂದ ಬಂದು ಶರಣಾಗತನಾಗಿ, ತಲೆಗೆ ಛತ್ರವನ್ನೂ ಕಾಲಿಗೆ ಉಪಾನಹಗಳನ್ನೂ ಕೊಟ್ಟು ಹೋದನು. ಈ ಕಥೆಯಲ್ಲಿ ಗಮನಿಸಬೇಕಾದ ಸ್ವಾರಸ್ಯವೊಂದಿದೆ. ಬಾಣವನ್ನು ಬಿಟ್ಟವನು ನಿಂತಲ್ಲಿಯೇ ನಿಂತಿದ್ದನು. ಕಾಲು ಸುಟ್ಟದ್ದು ಬಾಣವನ್ನು ಆಯಲು ಓಡಿದವಳದು. ಪಾದರಕ್ಷೆಯು ಮೊದಲು ಯಾರಿಗೆ ಬೇಕು ಎಂಬ ಪ್ರಶ್ನೆಗೆ ಪುರಾಣವು ಅಂದೇ ಉತ್ತರವನ್ನು ಕೊಟ್ಟಿದೆ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಬೇಟೆಯ ವಿನೋದಕ್ಕೆ ಒಂದು ಪ್ರಕರಣವಿದೆ. ಪಾದುಕೆಯ ಭೋಗಕ್ಕೆ ಬೇರೊಂದು ಪ್ರಕರಣವಿದೆ. ಕಾಳಿದಾಸನ ಶಾಕುಂತಲದ ಎರಡನೆಯ ಅಂಕದಲ್ಲಿ ಸೇನಾಪತಿಯು ಬೇಟೆಯ ಗುಣಗಳನ್ನು ಹೊಗಳುವನು. ಅರಸನ ಹಿಂದೆ ಕಾಡುಮೇಡು ಅಲೆದು ಕೀಲುಕೀಲೂ ನೋಯುತ್ತಿರುವ ವಿದೂಷಕನು ಗೊಣಗುವನು. ಅವನ ಕಾಲಲ್ಲಿ ಏನಿತ್ತೆಂದು ಯಾರೂ ಕೇಳುವುದಿಲ್ಲ. ಇನ್ನು ಅದೇ ೧೨ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರೂ ಅವರ ಪತ್ನಿ ಕಲ್ಯಾಣಮ್ಮನವರೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆಯನ್ನು ಮಾಡಿಕೊಟ್ಟರೆಂಬ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಅಷ್ಟಾದರೂ ಜೋಡನ್ನು ಹೊಸ್ತಿಲ ಹೊರಗೆ ಬಿಟ್ಟಂತೆ ಜೋಡು ಹೊಲಿದವನನ್ನೂ ಹೊರಗೆ ನಿಲ್ಲಿಸಿದ ಸಮಾಜ ನಮ್ಮದು. ಜೋಡು ಹೊರಗಿರುವುದು ಶುಚಿಯ ಮಾತು. ಮನುಷ್ಯನನ್ನು ಹೊರಗಿಟ್ಟುದು ಯಾವ ಶುಚಿಯೂ ಅಲ್ಲ. ತೊಂಡೆಯೋ ಬದನೆಯೋ ಎಂಬುದನ್ನು ತೋಟಗಾರನನ್ನು ಕೇಳಿ ತಿಳಿಯುವ ನಾವು, ಚರ್ಮದ ಗುಣಾವಗುಣಗಳನ್ನು ಬಲ್ಲವನೊಡನೆ ಮಾತನಾಡದೆ ಇದ್ದುದರಿಂದಲೇ ಜೋಡಿನ ವಿಷಯದಲ್ಲಿ ಇಷ್ಟು ಅಜ್ಞರಾಗಿ ಉಳಿದೆವೆಂದು ತೋರುತ್ತದೆ.

ಇರಲಿ, ಪ್ರಕೃತಕ್ಕೆ ಬರೋಣ. ಬೂಟನ್ನು ಆರಿಸುವವನು ಮೊದಲು ನೋಡಬೇಕಾದುದು ಅಂಗಡಿಯನ್ನಲ್ಲ, ನೆಲವನ್ನು. ನಮ್ಮ ಮೂರು ತಾಲ್ಲೂಕುಗಳು ಒಂದಕ್ಕೊಂದು ತಾಗಿಕೊಂಡಿದ್ದರೂ ಮೂರರ ನೆಲವೂ ಮೂರು ಬಗೆ.

ಕಡೂರಿನದು ಬಯಲುಸೀಮೆ. ಬಾಬಾಬುಡನ್ ಗಿರಿಶ್ರೇಣಿಯು ಮುಂಗಾರಿನ ಮೋಡಗಳನ್ನು ಪಶ್ಚಿಮದಲ್ಲಿಯೇ ಹಿಂಡಿಕೊಂಡುಬಿಡುವುದರಿಂದ ಇಲ್ಲಿಗೆ ಬರುವುದು ಗಾಳಿಯೇ ಹೆಚ್ಚು. ನೆಲವು ಗಟ್ಟಿ, ಕಲ್ಲುಹರಳು, ಜಾಲಿಯ ಮುಳ್ಳು. ಬಾಸೂರಿನ ಅಮೃತಮಹಲ್ ಕಾವಲು ೨೦೧೧ರಲ್ಲಿ ಸಂರಕ್ಷಿತ ಮೀಸಲಾಗಿ, ಕೃಷ್ಣಮೃಗಗಳಿಗೆ ಆಶ್ರಯವಾಗಿದೆ. ಅಲ್ಲಿ ಅರ್ಧ ದಿನ ನಡೆದವನಿಗೆ ಮುಳ್ಳಿನ ಮಹಿಮೆ ತಿಳಿಯುತ್ತದೆ. ಜಾಲಿಯ ಒಣಮುಳ್ಳು ತೆಳುವಾದ ರಬ್ಬರಿನ ಅಟ್ಟೆಯನ್ನು ಸೂಜಿಯು ಬಟ್ಟೆಯನ್ನು ಹೊಗುವಂತೆ ಹೊಗುವುದು. ಆದುದರಿಂದ ಕಡೂರಿನ ನೆಲಕ್ಕೆ ಬೇಕಾದುದು ದಪ್ಪ ಅಟ್ಟೆ, ಗಟ್ಟಿ ಮುಂಭಾಗ. ನೀರನ್ನು ತಡೆಯುವ ಅಸ್ತರಿಯು ಇಲ್ಲಿ ವ್ಯರ್ಥವಷ್ಟೇ ಅಲ್ಲ, ಬೆವರನ್ನು ಒಳಗೆ ಕಟ್ಟಿಹಾಕಿ ಹಾನಿಯನ್ನೇ ಮಾಡುವುದು.

ಅಜ್ಜಂಪುರ ಶಿವನಿಗಳ ಕಡೆಗೆ ಹೋದರೆ ಎರೆಯ ಭೂಮಿ. ಅಮೃತಮಹಲ್ ರಾಸುಗಳ ತಳಿಕೇಂದ್ರವಿರುವ ಈ ನೆಲವು ಬೇಸಿಗೆಯಲ್ಲಿ ಬಾಯಿಬಿಟ್ಟು ಬಿರಿಯುವುದು. ಮಳೆಗಾಲದಲ್ಲಿ ಊದಿಕೊಂಡು ಅಂಟಾಗುವುದು. ಎರೆಯಲ್ಲಿರುವ ಒಂದು ಜಾತಿಯ ಜೇಡಿಯು ನೀರನ್ನು ಹೀರಿ ಹಿಗ್ಗುವುದೇ ಇದಕ್ಕೆ ಕಾರಣ. ಆಳವಾದ ಒತ್ತೊತ್ತು ಗೀರುಗಳುಳ್ಳ ಅಟ್ಟೆಯನ್ನು ಧರಿಸಿ ಮಳೆ ನಿಂತ ಮರುದಿನ ಎರೆಹೊಲವನ್ನು ದಾಟಿದವನು ನೂರು ಹೆಜ್ಜೆಗೆ ಎರಡೆರಡು ಸೇರು ಮಣ್ಣನ್ನು ಹೊತ್ತಿರುತ್ತಾನೆ. ಅಲ್ಲಿಯ ರೈತನು ಜೋಡನ್ನು ಕಳಚಿ ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ನಡೆಯುವುದು ಬಡತನದಿಂದಲ್ಲ, ಜಾಣತನದಿಂದ. ಜೋಡು ಬೇಕೇಬೇಕೆಂದರೆ ಗೀರುಗಳು ವಿರಳವಾಗಿ, ಅಗಲವಾಗಿ ಇರತಕ್ಕದ್ದು. ಆಗ ಮಣ್ಣು ತಾನಾಗಿಯೇ ಕಳಚಿ ಬೀಳುವುದು.

ತರೀಕೆರೆಯಿಂದ ಲಿಂಗದಹಳ್ಳಿಯ ಮೇಲೆ ಪಶ್ಚಿಮಕ್ಕೆ ಏರಿದರೆ ಮಲೆನಾಡು ಎದುರಾಗುವುದು. ಕಲ್ಲತ್ತಿಯ ಜಲಪಾತ, ಅದರ ಮೇಲೆ ಸುಮಾರು ೪,೭೦೦ ಅಡಿಯ ಎತ್ತರದಲ್ಲಿ ಕೆಮ್ಮಣ್ಣುಗುಂಡಿ. ಹೆಸರೇ ಹೇಳುವಂತೆ ಅದು ಕೆಮ್ಮಣ್ಣಿನ ಗುಂಡಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರನ್ನು ಕೊಟ್ಟ ಬೆಟ್ಟ. ದಕ್ಷಿಣಕ್ಕೆ ಶ್ರೇಣಿಯು ಏರುತ್ತ ಹೋಗಿ ಕರ್ಣಾಟಕದಲ್ಲಿಯೇ ಅತ್ಯುನ್ನತವಾದ, ೬,೩೦೦ ಅಡಿಗೂ ಮಿಗಿಲಾದ ಮುಳ್ಳಯ್ಯನಗಿರಿಯನ್ನು ಮುಟ್ಟುವುದು. ಇಲ್ಲಿ ಕಾಲಿಗೆ ಶತ್ರುಗಳು ಮೂವರು. ಮೊದಲನೆಯದು ಪಾಚಿ ಹಿಡಿದ ಒದ್ದೆ ಬಂಡೆ. ಎರಡನೆಯದು, ಮಾಘ ಫಾಲ್ಗುಣಗಳಲ್ಲಿ ಒಣಗಿ ಮಲಗಿದ ಇಳಿಜಾರಿನ ಹುಲ್ಲು. ನೋಡಲು ಹಾಸಿಗೆಯಂತಿದ್ದು ಕಾಲಿಟ್ಟರೆ ಎಣ್ಣೆ ಸವರಿದ ಗಾಜಿನಂತಾಗುವುದು. ಮೂರನೆಯದು ಇಂಬಳ. ಶೋಲೆ ಕಾಡಿನ ತರಗೆಲೆಯಿಂದ ಎದ್ದು ಬರುವ ಈ ಜಂತುವು ಲಾಡಿಯ ತೂತಿನಲ್ಲಿಯೂ ನುಸುಳುವುದು. ಅದರ ಎಂಜಲಿನಲ್ಲಿ ರಕ್ತವನ್ನು ಹೆಪ್ಪುಗಟ್ಟಗೊಡದ ದ್ರವ್ಯವಿರುವುದರಿಂದ ಅದು ಬಿದ್ದುಹೋದ ಮೇಲೂ ನೆತ್ತರು ಹರಿಯುತ್ತಲೇ ಇರುವುದು. ಅಪಾಯವೇನೂ ಇಲ್ಲ, ಆದರೆ ಹೆದರಿ ಹೌಹಾರಿ ಜಾರಿ ಬೀಳುವವರುಂಟು. ಒತ್ತಾಗಿ ನೇಯ್ದ ಬಟ್ಟೆಯ ಕಾಲುಚೀಲವನ್ನು ಮೊಣಕಾಲಿನವರೆಗೆ ಎಳೆದು ಕಟ್ಟುವುದೊಂದೇ ಇದಕ್ಕೆ ನಿಜವಾದ ಉಪಾಯ.

ಶಿಕಾರಿಯು ಇಂಥ ನೆಲದಲ್ಲಿ ಬೂಟಿನಿಂದ ಏನನ್ನು ಬಯಸುತ್ತಿದ್ದನು? ಲಿಂಗದಹಳ್ಳಿಯ ಕಡೆಯ ಒಬ್ಬ ವೃದ್ಧರನ್ನು ನಾವು ತರುಣ ಉಪಾಧ್ಯಾಯರಾಗಿದ್ದಾಗ ಬಲ್ಲೆವು. ಬೇಟೆಯ ಕಾಲದಲ್ಲಿ ಅವರು ಸೋವಿಗೆ, ಎಂದರೆ ಮೃಗಗಳನ್ನು ಪೊದೆಯಿಂದ ಎಬ್ಬಿಸಿ ಕೋವಿಯ ಕಡೆಗೆ ಅಟ್ಟುವ ಕೆಲಸಕ್ಕೆ ಹೋಗುತ್ತಿದ್ದವರು. ಅವರು ಹೇಳಿದ ಮಾತು ನಮ್ಮ ನೆನಪಿನಲ್ಲಿ ಹೀಗೆ ನಿಂತಿದೆ: "ಸ್ವಾಮೀ, ದೊರೆಗಳ ಬೂಟು ಎರಡು ಜಾತಿ. ಒಂದು, ಕಿರುಗುಟ್ಟುವ ಬೂಟು. ಅದು ಬರುತ್ತಿದೆ ಎಂಬುದು ನಮಗಿಂತ ಮೊದಲು ಕಡವೆಗೆ ಗೊತ್ತಾಗುತ್ತಿತ್ತು. ಇನ್ನೊಂದು, ಮೆತ್ತನೆಯ ಬೂಟು. ಅದನ್ನು ಹಾಕಿದವರಿಗೆ ಕಾಲಡಿಯ ಕಡ್ಡಿ ಮುರಿಯುವ ಮೊದಲೇ ತಿಳಿಯುತ್ತಿತ್ತು." ಮುರಿಯುವ ಮೊದಲು ಕಡ್ಡಿಯನ್ನು ತಿಳಿಯುವುದು! ಪಾದರಕ್ಷೆಯ ಲಕ್ಷಣವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾವು ಕಂಡಿಲ್ಲ. ಒಳ್ಳೆಯ ಬೂಟು ನೆಲದಿಂದ ಕಾಲನ್ನು ಕಾಪಾಡಬೇಕು. ಆದರೆ ನೆಲವನ್ನು ಕಾಲಿನಿಂದ ಮರೆಸಬಾರದು.

"ನಿಮ್ಮ ಕಾಲಲ್ಲಿ ಏನಿರುತ್ತಿತ್ತು?" ಎಂದು ನಾವು ಕೇಳಿದೆವು. ಅವರು ನಕ್ಕು ತಮ್ಮ ಅಂಗಾಲನ್ನು ತಿರುಗಿಸಿ ತೋರಿದರು. ಅದು ಎಮ್ಮೆಯ ತೊಗಲಿನಂತೆ ಕಪ್ಪಾಗಿ, ಬಿರುಕುಬಿಟ್ಟು, ಅಲ್ಲಲ್ಲಿ ಹಳೆಯ ಮುಳ್ಳಿನ ಗಂಟುಗಳಿಂದ ತುಂಬಿತ್ತು. ಎಡಗಾಲಿನ ಕಿರುಬೆರಳು ಇರಲಿಲ್ಲ. ಮುಳ್ಳು ಮುರಿದು ಕೀವಾಗಿ ಹೋಯಿತೆಂದು, ಹೋದದ್ದು ಛತ್ರಿಯೋ ಚೊಂಬೋ ಎಂಬಂತೆ ಹೇಳಿದರು. ಹುಲಿಯು ಮಲಗಿದ್ದ ಪೊದೆಗೆ ಮೊದಲು ನುಗ್ಗಿದ ಕಾಲು ಅದು. ಬೂಟು ಇದ್ದುದು ಮಚಾನಿನ ಮೇಲೆ.

ಹಿಂದಿನ ಬೂಟುಗಳ ಅಟ್ಟೆಗೆ ಹಿಡಿತಕ್ಕಾಗಿ ಕಬ್ಬಿಣದ ಮೊಳೆಗಳನ್ನು ಹೊಡೆಯುತ್ತಿದ್ದರು. ಮಣ್ಣಿನಲ್ಲಿಯೂ ಹುಲ್ಲಿನಲ್ಲಿಯೂ ಅದು ಕಚ್ಚಿಕೊಳ್ಳುವುದು ನಿಜ. ಬಂಡೆಯ ಮೇಲೆ ಮಾತ್ರ ಟಣಟಣ ಸದ್ದು. ೧೮೩೯ರಲ್ಲಿ ಚಾರ್ಲ್ಸ್ ಗುಡ್‌ಇಯರನು ಗಂಧಕವನ್ನು ಬೆರಸಿ ಕಾಯಿಸಿ ರಬ್ಬರನ್ನು ಗಟ್ಟಿಮಾಡುವ ವಿಧಾನವನ್ನು ಕಂಡುಹಿಡಿದ ಮೇಲೆ ಮೆತ್ತನೆಯ ಅಟ್ಟೆ ಸಾಧ್ಯವಾಯಿತು. ಆದರೆ ಹಿಡಿತವೂ ಮೃದುತ್ವವೂ ಒಂದೇ ಅಟ್ಟೆಯಲ್ಲಿ ಕೂಡಿದುದು ಒಂದು ದುರಂತದ ಅನಂತರ. ೧೯೩೫ರಲ್ಲಿ ಇಟಲಿಯ ಪುಂತಾ ರಾಸಿಕಾ ಎಂಬ ಶಿಖರದಲ್ಲಿ ಹಠಾತ್ತನೆ ಕೆಟ್ಟ ಹವೆಗೆ ಸಿಕ್ಕಿ ಆರು ಮಂದಿ ಆರೋಹಿಗಳು ಮಡಿದರು. ಅವರ ಕಾಲಲ್ಲಿದ್ದ ಜೋಡುಗಳು ಆ ಚಳಿಗೂ ಹಿಮಕ್ಕೂ ತಕ್ಕುವಾಗಿರಲಿಲ್ಲ. ಅವರ ಸಂಗಡಿಗನಾದ ವಿತಾಲೆ ಬ್ರಮಾನಿಯು ಈ ದುಃಖವನ್ನು ಮನಸ್ಸಿನಲ್ಲಿಟ್ಟುಕೊಂಡು ೧೯೩೭ರ ಹೊತ್ತಿಗೆ ಆಳವಾದ ಹಲ್ಲುಗಳುಳ್ಳ ರಬ್ಬರಿನ ಅಟ್ಟೆಯನ್ನು ನಿರ್ಮಿಸಿದನು. ೧೯೫೪ರಲ್ಲಿ ಕೆ-೨ ಶಿಖರವನ್ನು ಮೊದಲು ಹತ್ತಿದ ಇಟಲಿಯವರ ಬೂಟಿಗೆ ಇದ್ದುದು ಅದೇ ಅಟ್ಟೆ. ಇಂದು ಪೇಟೆಯಲ್ಲಿ ದೊರೆಯುವ ಬೆಟ್ಟದ ಬೂಟುಗಳಲ್ಲಿ ಬಹುಪಾಲಿನ ಅಡಿಯಲ್ಲಿ ಕಾಣುವ ಹಲ್ಲಿನ ವಿನ್ಯಾಸವು ಆ ವಂಶದ್ದೇ.

ಇನ್ನು ಆರಿಸುವ ಕ್ರಮ. ನಮ್ಮ ಸೋದರಳಿಯನಿಗೆ ಕೆಲಸಕ್ಕೆ ಸೇರಿದಾಗ ದೊರೆತ ಬೂಟು ಅವನ ಕಾಲಿಗಿಂತ ಒಂದು ಅಳತೆ ದೊಡ್ಡದು. ಯಾರು ಕೊಟ್ಟರೆಂಬುದು ಇಲ್ಲಿ ಅಪ್ರಕೃತ. ದೊಡ್ಡದಾದರೆ ಚಿಂತೆಯಿಲ್ಲ, ಬಟ್ಟೆಯನ್ನು ತುರುಕಿದರಾಯಿತು ಎಂದು ಜೊತೆಯವರು ಹೇಳಿದರಂತೆ. ಮೂರು ದಿನದ ಗಸ್ತಿನಲ್ಲಿ ಹಿಮ್ಮಡಿಯ ಚರ್ಮ ಎದ್ದಿತು. ಒದ್ದೆ ಕಾಲುಚೀಲದಲ್ಲಿ ಅದು ಕೀವಾಯಿತು. ಐದನೆಯ ದಿನ ಜ್ವರ ಬಂದು, ಕಾಲು ಮೀನಖಂಡದವರೆಗೆ ಕೆಂಪಾಗಿ ಊದಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದನು. ನಮ್ಮ ತಂಗಿಯು ಹಗಲಿರುಳೂ ಹಾಸಿಗೆಯ ಪಕ್ಕದಲ್ಲಿ ಕುಳಿತು, ಹುಲಿಯನ್ನೂ ಆನೆಯನ್ನೂ ಕುರಿತು ಹೆದರಿದ್ದ ತನಗೆ ಒಂದು ಬೂಟನ್ನು ಕುರಿತು ಹೆದರಬೇಕೆಂದು ತಿಳಿಯಲಿಲ್ಲವಲ್ಲ ಎಂದು ಕಣ್ಣೀರಿಟ್ಟಳು. ಅವನು ಎದ್ದು ಓಡಾಡುವಂತಾದ ಮೇಲೆ, ಅವನನ್ನು ಕರೆದುಕೊಂಡು ನಾವು ಮೊದಲು ಹೋದುದು ಅಂಗಡಿಗಲ್ಲ. ತರೀಕೆರೆಯ ಪೇಟೆಯಲ್ಲಿ ಕುಳಿತು ಜೋಡು ಹೊಲಿಯುವ ಒಬ್ಬ ಹಿರಿಯರ ಬಳಿಗೆ. ಅವರು ನಮ್ಮ ಹುಡುಗನನ್ನು ಕಾಗದದ ಮೇಲೆ ನಿಲ್ಲಿಸಿ ಎರಡು ಪಾದಗಳ ಸುತ್ತಲೂ ಗೆರೆ ಎಳೆದು, ಬಲಗಾಲು ಎಡಗಾಲಿಗಿಂತ ಎರಡು ನೂಲಿನಷ್ಟು ಉದ್ದವೆಂದು ತೋರಿಸಿದರು. ಅವರಿಂದ ಕಲಿತುದನ್ನೂ ಆಮೇಲೆ ಓದಿ ತಿಳಿದುದನ್ನೂ ಸೇರಿಸಿ ಓದುಗರ ಮುಂದಿಡುತ್ತೇವೆ.

ಕಾಲು ಬೆಳಗ್ಗೆ ಇದ್ದಂತೆ ಸಂಜೆ ಇರುವುದಿಲ್ಲ. ನಡೆದು ದಣಿದಾಗ ಊದಿರುವುದು. ಆದುದರಿಂದ ಬೂಟನ್ನು ಸಂಜೆಯ ಹೊತ್ತು, ಬೆಟ್ಟಕ್ಕೆ ಧರಿಸುವ ಕಾಲುಚೀಲವನ್ನೇ ಧರಿಸಿ ಹಾಕಿ ನೋಡತಕ್ಕದ್ದು. ಎರಡು ಕಾಲುಗಳಲ್ಲಿ ದೊಡ್ಡದಾದ ಕಾಲಿಗೆ ಅಳತೆ. ಲಾಡಿಯನ್ನು ಕಟ್ಟದೆ ಪಾದವನ್ನು ಮುಂದಕ್ಕೆ ಒತ್ತಿದರೆ ಹಿಮ್ಮಡಿಯ ಹಿಂದೆ ಒಂದು ಬೆರಳು ಹಿಡಿಸಬೇಕು. ಲಾಡಿಯನ್ನು ಬಿಗಿದ ಮೇಲೆ ಹಿಮ್ಮಡಿಯು ಮೇಲೇಳಬಾರದು. ಬೆರಳುಗಳು ಮಾತ್ರ ಸ್ವತಂತ್ರವಾಗಿ ಆಡಬೇಕು. ಅನಂತರ ಅಂಗಡಿಯ ಮೆಟ್ಟಿಲನ್ನು ಇಳಿದು ನೋಡಬೇಕು. ಏರುವಾಗ ಎಲ್ಲ ಬೂಟೂ ಒಳ್ಳೆಯದೇ. ಇಳಿಯುವಾಗ ಬೆರಳಿನ ತುದಿ ಮುಂದೆ ತಾಗಿದರೆ ಅದನ್ನು ಅಲ್ಲಿಯೇ ಬಿಟ್ಟು ಬರತಕ್ಕದ್ದು. ಕೆಮ್ಮಣ್ಣುಗುಂಡಿಯ ಇಳಿಜಾರಿನಲ್ಲಿ ಆ ಉಗುರು ಕಪ್ಪಾಗುವುದು ಖಂಡಿತ. ಪೆಟ್ಟಿಗೆಯ ಮೇಲಣ ಅಂಕಿಯನ್ನು ನಂಬಬಾರದು. ಇಂಗ್ಲಿಷ್ ಅಳತೆಯಲ್ಲಿ ಒಂದು ಅಂಕಿಗೂ ಮುಂದಿನ ಅಂಕಿಗೂ ಅಂತರವು ಅಂಗುಲದ ಮೂರನೆಯ ಒಂದು ಪಾಲು. ಒಬ್ಬ ತಯಾರಕನ ಎಂಟು ಮತ್ತೊಬ್ಬನ ಒಂಬತ್ತಾಗಿರುವುದುಂಟು.

ಭಾರದ ಮಾತನ್ನು ಹಲವರು ಅಲಕ್ಷಿಸುತ್ತಾರೆ. ಗಟ್ಟಿಯಾದ ಬೂಟು ಭಾರವಾಗಿರಬೇಕೆಂಬುದು ಹಳೆಯ ನಂಬಿಕೆ. ಕಾಲಿನ ಮೇಲಣ ಭಾರವು ಬೆನ್ನಿನ ಮೇಲಣ ಭಾರಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು ದಣಿಸುವುದೆಂದು ಶರೀರಶಾಸ್ತ್ರಜ್ಞರು ಪರೀಕ್ಷಿಸಿ ಕಂಡಿದ್ದಾರೆ. ಪಾಠಶಾಲೆಯ ಲೆಕ್ಕದಂತೆ ನೋಡೋಣ. ಒಂದು ಮೈಲಿಗೆ ಸುಮಾರು ಎರಡು ಸಾವಿರ ಹೆಜ್ಜೆ. ಹತ್ತು ಮೈಲಿಗೆ ಇಪ್ಪತ್ತು ಸಾವಿರ. ಒಂದೊಂದು ಬೂಟೂ ಕಾಲು ಕಿಲೋ ಹೆಚ್ಚು ತೂಗಿದರೆ, ಸಂಜೆಯ ಹೊತ್ತಿಗೆ ಆ ಮನುಷ್ಯನು ಐದು ಸಾವಿರ ಕಿಲೋಗಳನ್ನು, ಎಂದರೆ ಐವತ್ತು ಕ್ವಿಂಟಾಲುಗಳನ್ನು, ವೃಥಾ ಎತ್ತಿ ಇಳಿಸಿರುತ್ತಾನೆ. ತರೀಕೆರೆಯ ಅಡಕೆ ಮಂಡಿಯ ಹಮಾಲನೂ ಇಷ್ಟನ್ನು ಕೂಲಿಯಿಲ್ಲದೆ ಎತ್ತಲಾರನು.

ಹರಡನ್ನು ಮುಚ್ಚುವಷ್ಟು ಎತ್ತರವು ಬೇಕೇ ಎಂದರೆ, ನಮ್ಮ ಬೆಟ್ಟಕ್ಕೆ ಬೇಕು. ಕಾಲು ಉಳುಕುವುದೊಂದಕ್ಕಾಗಿಯೇ ಅಲ್ಲ. ಭಾರತದಲ್ಲಿ ೨೦೦೦ದಿಂದ ೨೦೧೯ರವರೆಗೆ ಹಾವು ಕಚ್ಚಿ ವರ್ಷಕ್ಕೆ ಸರಾಸರಿ ಸುಮಾರು ೫೮,೦೦೦ ಮಂದಿ ಸತ್ತರೆಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಕಚ್ಚಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಗಾಯವು ಪಾದದಲ್ಲಿ, ಇಲ್ಲವೆ ಮೊಣಕಾಲಿನ ಕೆಳಗೆ. ತರಗೆಲೆಯಲ್ಲಿ ತರಗೆಲೆಯಾಗಿ ಮಲಗುವ ಮಂಡಲದ ಹಾವಿಗೆ ನಮ್ಮ ಹರಡು ಸರಿಯಾದ ಎತ್ತರ. ದಪ್ಪ ಚರ್ಮದ ಎತ್ತರದ ಬೂಟು ಮೃತ್ಯುವನ್ನು ಎಷ್ಟೋ ಸಲ ಗೀರಿನಲ್ಲಿ ಮುಗಿಸುವುದು. ಕಚ್ಚಿದರೆ ಕೊಯ್ಯುವುದು, ಕಟ್ಟುವುದು, ಹೀರುವುದು ಯಾವುದನ್ನೂ ಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಇನ್ನು ಉಣುಗು. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಈ ಸಣ್ಣ ಜಂತುವಿನಿಂದ ಹರಡುವುದು. ನಮ್ಮ ಜಿಲ್ಲೆಯ ಮಲೆನಾಡಿನ ತಾಲ್ಲೂಕುಗಳಲ್ಲಿಯೂ ಅದು ಕಾಣಿಸಿಕೊಂಡಿದೆ. ಷರಾಯಿಯ ಅಂಚನ್ನು ಕಾಲುಚೀಲದೊಳಗೆ ಸೇರಿಸಿ ಬೂಟಿನ ಲಾಡಿಯನ್ನು ಬಿಗಿಯುವುದು ನೋಡಲು ಅಂದವಲ್ಲದಿದ್ದರೂ ಬಾಳಿಗೆ ಅಂದ.

ಯಾವುದರಿಂದ ಮಾಡಿದ ಬೂಟು? ಚರ್ಮವೋ, ಬಟ್ಟೆಯೋ, ಹೊಸ ಕೃತಕ ನೂಲೋ? ಮಳೆಗಾಲದಲ್ಲಿ ಹಳ್ಳಗಳನ್ನು ದಾಟುವವನಿಗೆ, ನೀರು ಒಳಗೆ ಬಂದಂತೆಯೇ ಹೊರಗೆ ಹೋಗುವ ಕ್ಯಾನ್ವಾಸಿನ ಬೂಟು ಲೇಸು. ಒಳಗೆ ಬಂದ ನೀರನ್ನು ಕೆರೆಯಂತೆ ಹಿಡಿದಿಡುವ ಜಲನಿರೋಧಕ ಬೂಟಿಗಿಂತ ಅದು ಬೇಗ ಆರುವುದು. ಮೊಣಕಾಲುದ್ದದ ರಬ್ಬರಿನ ಬೂಟು ಕಾಫಿ ತೋಟದ ಕೆಸರಿಗೆ ಸರಿ, ಏರುವ ದಾರಿಗಲ್ಲ. ಆದರೆ ಬೇಸಿಗೆಯಲ್ಲಿ ಕಾಡುಕಿಚ್ಚನ್ನು ನಂದಿಸಲು ಹೋಗುವವನಿಗೆ ಚರ್ಮವೊಂದೇ ಗತಿ. ಕೃತಕ ನೂಲು ಬೆಂಕಿಗೆ ಕರಗಿ ಮೈಗೆ ಅಂಟಿಕೊಳ್ಳುವುದು. ನಮ್ಮ ಕುರುಚಲು ಕಾಡಿನಲ್ಲಿಯೇ ಬೆಳೆಯುವ ತಂಗಡಿಯ ಚಕ್ಕೆಯಿಂದ ಹದಗೊಳಿಸಿದ ಚರ್ಮವು ದಕ್ಷಿಣ ದೇಶದಲ್ಲಿ ಹಿಂದೆ ಹೆಸರುವಾಸಿಯಾಗಿತ್ತೆಂಬುದನ್ನು ನೆನೆದರೆ ಸಂತೋಷವಾಗುತ್ತದೆ. ಕಾಲುಚೀಲವು ಹತ್ತಿಯದಾಗಿರಬಾರದು; ಹತ್ತಿಯು ಬೆವರನ್ನು ಕುಡಿದು ಒದ್ದೆಯಾಗಿಯೇ ಉಳಿದು ಚರ್ಮವನ್ನು ಉಜ್ಜುವುದು. ಉಣ್ಣೆಯದು ಉತ್ತಮ.

ಕೊಂಡ ಬೂಟನ್ನು ಕಾಪಾಡುವುದು ಗೃಹಕೃತ್ಯಗಳಲ್ಲಿ ಸೇರಿದುದು. ಮಲೆನಾಡಿನ ಮನೆಗಳಲ್ಲಿ ಒದ್ದೆಯಾದುದನ್ನೆಲ್ಲ ಒಲೆಯ ಮೇಲಣ ಅಟ್ಟದಲ್ಲಿ ಇಡುವ ಪದ್ಧತಿಯಿದೆ. ಅಡಕೆಗೆ ಅದು ಹಿತ, ಬೂಟಿಗೆ ಮೃತ್ಯು. ಬೆಂಕಿಯ ಕಾವಿಗೆ ಚರ್ಮವು ಸೆಟೆದು ಬಿರಿಯುವುದು, ಅಟ್ಟೆಯ ಅಂಟು ಬಿಡುವುದು. ಹಳೆಯ ವರ್ತಮಾನ ಪತ್ರಿಕೆಯನ್ನು ಉಂಡೆಮಾಡಿ ಒಳಗೆ ತುಂಬಿ, ಗಾಳಿ ಆಡುವ ನೆರಳಿನಲ್ಲಿಟ್ಟರೆ ಎರಡು ದಿನದಲ್ಲಿ ಆರುವುದು; ಆಮೇಲೆ ಮೇಣವನ್ನು ಸವರತಕ್ಕದ್ದು. ಇನ್ನೊಂದು ವಿಶೇಷ. ಈಗಿನ ಬೂಟುಗಳಲ್ಲಿ ಅನೇಕವುಗಳ ಅಟ್ಟೆಯ ನಡುಪದರವು ಪಾಲಿಯುರಿಥೇನ್ ಎಂಬ ವಸ್ತುವಿನದು. ಗಾಳಿಯ ತೇವದಿಂದ ಅದು ಒಳಗೊಳಗೇ ಶಿಥಿಲವಾಗುವುದು. ಧರಿಸದೆ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದರೂ ಕೆಲವು ವರ್ಷಗಳಲ್ಲಿ ಪುಡಿಪುಡಿಯಾಗುವುದು. ಆದುದರಿಂದ ಬಹುಕಾಲದಿಂದ ಇಟ್ಟಿದ್ದ ಬೂಟನ್ನು ಬೆಟ್ಟಕ್ಕೆ ಹೊರಡುವ ಮೊದಲು ಮನೆಯಂಗಳದಲ್ಲಿ ಅರ್ಧ ಗಂಟೆ ನಡೆದು ಪರೀಕ್ಷಿಸಬೇಕು. ಹೊಸ ಬೂಟಿಗೂ ಅದೇ ನಿಯಮ: ಎರಡು ವಾರ ಊರಿನಲ್ಲಿ ಧರಿಸಿ ಪಳಗಿಸದೆ ಬೆಟ್ಟಕ್ಕೆ ಒಯ್ಯಬಾರದು.

ಪಾದರಕ್ಷೆಯನ್ನು ಇಷ್ಟು ಹೊಗಳಿ ಬರಿಗಾಲನ್ನು ಅವಹೇಳನ ಮಾಡಿದೆವೆಂದು ಯಾರೂ ಭಾವಿಸಬಾರದು. ನರಕಚತುರ್ದಶಿಯ ದಿನ ದೇವಿರಮ್ಮನ ಬೆಟ್ಟವನ್ನು ಬರಿಗಾಲಿನಲ್ಲಿ ಏರುವ ಭಕ್ತರನ್ನು ಕಂಡು ನಾವು ಕೈಮುಗಿದಿದ್ದೇವೆ. ತಾನಾಗಿ ಜೋಡನ್ನು ಬಿಟ್ಟು ಏರುವುದು ವ್ರತ. ಕೊಳ್ಳಲಾರದೆ ಬರಿಗಾಲಿನಲ್ಲಿ ಏರುವುದು ವ್ರತವಲ್ಲ. ಈ ಎರಡನ್ನೂ ಒಂದೇ ಎಂದು ತಿಳಿದು, ಸೋವಿನವರ ಅಂಗಾಲನ್ನು ಅವರ ಸ್ವಭಾವವೆಂದು ಕರೆದು ಸಮಾಧಾನ ಪಟ್ಟುಕೊಂಡದ್ದೇ ಹಿಂದಿನ ಬೇಟೆಗಾರರ ನಿಷ್ಠುರತೆ. ಅವರ ಬೂಟನ್ನು ಕುರಿತು ಪುಸ್ತಕಗಳುಂಟು. ಮುಂದೆ ನಡೆದ ಬರಿಗಾಲನ್ನು ಕುರಿತು ಪುಟಗಳೂ ವಿರಳ.

ಇಂದು ಕೋವಿ ಇಲ್ಲ. ಆದರೆ ಮುಂದೆ ನಡೆಯುವವನು ಇದ್ದಾನೆ. ನಮ್ಮ ಸೋದರಳಿಯನ ಸಂಗಡ ಗಸ್ತಿಗೆ ಹೋಗುವ ದಿನಗೂಲಿಯ ಕಾವಲುಗಾರರಲ್ಲಿ ಒಬ್ಬರು ಹವಾಯಿ ಚಪ್ಪಲಿಯಲ್ಲಿಯೇ ಬೆಂಕಿಯ ರೇಖೆಯನ್ನು ಕಾಯುತ್ತಿದ್ದರಂತೆ. ತನ್ನ ಕಾಲು ಗುಣವಾಗಿ ಹೊಸ ಬೂಟನ್ನು ಕೊಂಡ ತಿಂಗಳಲ್ಲಿ ಹುಡುಗನು ನಮ್ಮ ಬಳಿಗೆ ಬಂದು, "ಮಾವ, ಇನ್ನೊಂದು ಜೊತೆಗೆ ಅಳತೆ ತೆಗೆಸಬೇಕಾಗಿದೆ," ಎಂದು ಕಾಗದವನ್ನು ಕೇಳಿದನು. ಯಾರಿಗೆಂದು ನಾವು ಕೇಳಲಿಲ್ಲ. ಅವನಿಗೆ ನಾವು ಶಾಕುಂತಲವನ್ನು ಕಲಿಸಿದ್ದೆವು. ಅದಕ್ಕಿಂತ ಮಿಗಿಲಾದುದನ್ನು ಆ ಹನ್ನೊಂದು ದಿನಗಳು ಕಲಿಸಿದ್ದವು.

ಓದುಗ ಮಹಾಶಯರಲ್ಲಿಯೂ ಗೃಹಿಣಿಯರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೇ. ಮುಂಗಾರು ಮೊದಲಾಗುವ ಮುನ್ನ ಮನೆಯ ಹೊಸ್ತಿಲ ಹೊರಗಿರುವ ಜೋಡುಗಳನ್ನು ಒಂದು ಸಲ ತಿರುವಿ ನೋಡಿರಿ. ಅಟ್ಟೆಯ ಹಲ್ಲು ಸವೆದಿದೆಯೋ, ಹಿಮ್ಮಡಿ ಒಂದು ಕಡೆಗೆ ತಿಂದಿದೆಯೋ, ಹೊಲಿಗೆ ಬಿಟ್ಟಿದೆಯೋ ಎಂಬುದನ್ನು ಪರೀಕ್ಷಿಸಿರಿ. ನಿಮ್ಮ ಮಕ್ಕಳದಾದ ಮೇಲೆ, ನಿಮ್ಮ ತೋಟಕ್ಕೆ ಬರುವವರದನ್ನೂ ನೋಡಿರಿ. ಅಡಕೆಯ ಮರದ ಬುಡಕ್ಕೆ ಸೊಪ್ಪು ಹಾಕುವ ಕೈಯನ್ನು ನಾವೆಲ್ಲ ಬಲ್ಲೆವು. ಆ ಸೊಪ್ಪನ್ನು ಹೊತ್ತು ಗುಡ್ಡವನ್ನು ಇಳಿಯುವ ಕಾಲಿಗೂ ಒಂದು ಅಳತೆಯುಂಟು.